ಹೇಳಿದ್ದೆಷ್ಟು, ನುಂಗಿದ್ದೆಷ್ಟು: ಎರಡು ಊರಲ್ಲಿ ಒಂದೊಂದು ತಿಂಗಳು

ನನ್ನ ಸಂಗಾತಿಗೆ ಕೆಲಸದಲ್ಲಿ ವರ್ಗ ಆಗುವುದಿತ್ತು. ಎರಡು ಊರುಗಳಲ್ಲಿ ಒಂದನ್ನು ಆರಿಸಿಕೊಳ್ಳಿ ಎಂದು ಆಫೀಸಿನವರು ಮೂರು ತಿಂಗಳ ಸಮಯ ಕೊಟ್ಟರು. ನನ್ನ ಕೆಲಸ ಎಲ್ಲಿ ಕೂತರೂ ನಡೆಯುತ್ತದೆ. ಹಾಗಾಗಿ ಮನೆಯಲ್ಲೇ ಕೂತು ತಲೆ ಕೆಡಿಸಿಕೊಳ್ಳುವ ಬದಲು ಎರಡೂ ಕಡೆ ಒಂದೊಂದು ತಿಂಗಳು ಇದ್ದು ನೋಡೋಣ ಎಂದು ಹೊರಟೆವು. ನಾವಿಬ್ಬರೂ ಹೆಂಗಸರು. ಹನ್ನೊಂದು ವರ್ಷದಿಂದ ಜೊತೆಗಿದ್ದೇವೆ. ಹವೆ ಹೇಗೆ, ಬಸ್ಸು ಹೇಗೆ ಅಂತ ಯಾರನ್ನು ಕೇಳಿದರೂ ಹೇಳುತ್ತಾರೆ. ನಮಗೆ ಬೇಕಿದ್ದ ಉತ್ತರ ಬೇರೆ. ನಾವು ಜೋಡಿ ಅಂತ ಗೊತ್ತಾದ ಮೇಲೂ ಈ ಊರು ನಮ್ಮನ್ನು ಒಳಗೆ ಬಿಟ್ಟುಕೊಳ್ಳುತ್ತದಾ?

ಊರುಗಳ ಹೆಸರು ಹೇಳುವುದಿಲ್ಲ. ಹೇಳಿದರೆ ಆ ಊರು ಒಳ್ಳೆಯದೋ ಕೆಟ್ಟದ್ದೋ ಅಂತ ಜಗಳ ಶುರುವಾಗುತ್ತದೆ, ವಿಷಯ ಹಿಂದೆ ಉಳಿಯುತ್ತದೆ. ನಾವೇ ಇಟ್ಟ ಅಡ್ಡಹೆಸರು ಸಾಕು. ಮೊದಲನೆಯದು ಬಾವುಟದೂರು. ಸಲಿಂಗ ಮದುವೆಗೆ ಕಾನೂನು ಇರುವ ದೇಶದ ದೊಡ್ಡ ನಗರ. ಗ್ರಂಥಾಲಯದ ಬಾಗಿಲಿಂದ ಬಸ್ಸಿನ ಕಿಟಕಿಯ ತನಕ ಕಾಮನಬಿಲ್ಲಿನ ಬಾವುಟ, ಅಂದರೆ ನಮ್ಮಂಥವರ ಗುರುತು. ಎರಡನೆಯದು ಅಕ್ಕತಂಗಿಯೂರು. ಆ ದೇಶದ ಕಾನೂನಿನಲ್ಲಿ ನಮ್ಮಂಥವರು ಅಪರಾಧಿಗಳಲ್ಲ, ಆದರೆ ಜೋಡಿಯೂ ಅಲ್ಲ. ಹೆಸರು ಯಾಕೆ ಬಂತು ಅಂತ ಮುಂದೆ ಹೇಳುತ್ತೇನೆ.

ಅಳತೆಗೆ ಒಂದು ನೋಟ್‌ಬುಕ್ ಇಟ್ಟುಕೊಂಡೆವು. ಅದರಲ್ಲಿ ಎರಡು ಕಾಲಂ: ಹೇಳಿದ್ದು, ನುಂಗಿದ್ದು. ಯಾರಾದರೂ "ಇವರು ನಿಮಗೇನಾಗಬೇಕು?" ಎಂದಾಗ "ನನ್ನ ಸಂಗಾತಿ" ಎಂದರೆ ಮೊದಲನೆಯದರಲ್ಲಿ ಒಂದು ಗೀಟು. "ಫ್ರೆಂಡ್" ಎಂದು ಜಾರಿಕೊಂಡರೆ, ಹಿಡಿದ ಕೈ ಬಿಟ್ಟರೆ, ಫೋನಿನಲ್ಲಿ "ಚಿನ್ನ" ಅನ್ನಬೇಕಾದಲ್ಲಿ ಹೆಸರು ಹಿಡಿದು ಕರೆದರೆ ಎರಡನೆಯದರಲ್ಲಿ ಗೀಟು. ರಾತ್ರಿ ಮಲಗುವ ಮುಂಚೆ ಲೆಕ್ಕ. ಶುರುವಿನಲ್ಲಿ ಇದು ಆಟದ ಹಾಗಿತ್ತು.

ಹೊರಡುವ ಮುಂಚೆ ಓದಿದ್ದು

ಕಾಗದದ ಮೇಲೆ ಬಾವುಟದೂರು ಆಗಲೇ ಗೆದ್ದಿತ್ತು. ಮದುವೆಯ ಕಾನೂನು ಈಗ ಅಪರೂಪವಲ್ಲ. ನೆದರ್‌ಲ್ಯಾಂಡ್ಸ್ 2001ರ ಏಪ್ರಿಲ್‌ನಲ್ಲಿ ಶುರು ಮಾಡಿತು. 2019ರಲ್ಲಿ ತೈವಾನ್, 2025ರ ಜನವರಿಯಲ್ಲಿ ಥಾಯ್ಲೆಂಡ್ ಸೇರಿಕೊಂಡವು. ನಮ್ಮಂಥವರ ಹಕ್ಕಿನ ವಿಷಯದಲ್ಲಿ ಯಾವ ದೇಶ ಯಾವ ಸ್ಥಾನದಲ್ಲಿದೆ ಎಂದು ನೋಡಲು ಪಟ್ಟಿಗಳೂ ಇವೆ. ಯುರೋಪಿನ ದೇಶಗಳಿಗೆ ಇಲ್ಗಾ-ಯುರೋಪ್ ಸಂಸ್ಥೆಯ ರೇನ್‌ಬೋ ಮ್ಯಾಪ್ ಇದೆ. 2016ರಿಂದ 2025ರ ತನಕ ಅದರಲ್ಲಿ ಮಾಲ್ಟಾ ದೇಶವೇ ಮೊದಲು. ಅಮೆರಿಕದ ಊರುಗಳಿಗೆ ಹ್ಯೂಮನ್ ರೈಟ್ಸ್ ಕ್ಯಾಂಪೇನ್ ಎಂಬ ಸಂಸ್ಥೆ 2012ರಿಂದ ಅಂಕ ಕೊಡುತ್ತಾ ಬಂದಿದೆ. ಒಂದು ಮಾತು ನೆನಪಿರಲಿ. ಈ ಪಟ್ಟಿಗಳು ಅಳೆಯುವುದು ಕಾನೂನು ಮತ್ತು ನಿಯಮಗಳನ್ನು. ಪಕ್ಕದ ಮನೆಯವರನ್ನಲ್ಲ.

ಇನ್ನೊಂದು ವಿಷಯ ನಮಗೆ ತಡವಾಗಿ ತಿಳಿಯಿತು. ಮದುವೆಯ ಕಾನೂನು ಬೇರೆ, ಸಂಗಾತಿಗೆ ವೀಸಾ ಸಿಗುವುದು ಬೇರೆ. ಹಾಂಗ್‌ಕಾಂಗ್‌ನಲ್ಲಿ ಸಲಿಂಗ ಮದುವೆ ಇಲ್ಲ. ಆದರೂ ಹೊರದೇಶದಲ್ಲಿ ನೋಂದಣಿಯಾದ ಜೋಡಿಗೆ ಡಿಪೆಂಡೆಂಟ್ ವೀಸಾ ನಿರಾಕರಿಸಬಾರದು ಎಂದು ಅಲ್ಲಿನ ಕೋರ್ಟು 2018ರಲ್ಲಿ ಹೇಳಿತು. ಅದೇ ವರ್ಷ ಯುರೋಪಿಯನ್ ಯೂನಿಯನ್ನಿನ ಕೋರ್ಟು, ರೊಮೇನಿಯಾದಿಂದ ಬಂದ ಒಂದು ಕೇಸಿನಲ್ಲಿ ಹೆಚ್ಚುಕಡಿಮೆ ಇದೇ ದಾರಿ ಹಿಡಿಯಿತು. ಸದಸ್ಯ ದೇಶ ತನ್ನಲ್ಲಿ ಸಲಿಂಗ ಮದುವೆ ಮಾಡಿಸದಿದ್ದರೂ ಬೇರೆ ಸದಸ್ಯ ದೇಶದಲ್ಲಿದ್ದಾಗ ಮದುವೆಯಾದ ಯೂನಿಯನ್ ಪ್ರಜೆಯ ಗಂಡನಿಗೋ ಹೆಂಡತಿಗೋ ವಾಸದ ಹಕ್ಕು ಕೊಡಬೇಕು ಎಂದಿತು. ಉಲ್ಟಾ ಉದಾಹರಣೆಯೂ ಇದೆ. ಟೋಕಿಯೋದ ಶಿಬುಯಾ ಮತ್ತು ಸೆಟಗಾಯಾ ವಾರ್ಡುಗಳು 2015ರಲ್ಲೇ ಸಲಿಂಗ ಜೋಡಿಗಳಿಗೆ ಪ್ರಮಾಣಪತ್ರ ಕೊಡಲು ಶುರು ಮಾಡಿದವು. ಊರು ಕೈ ಚಾಚಿತು, ದೇಶ ಚಾಚಲಿಲ್ಲ. ಆ ಪತ್ರದಿಂದ ಆಸ್ತಿಯ ಹಕ್ಕೂ ಇಲ್ಲ, ಸಂಗಾತಿ ವೀಸಾವೂ ಇಲ್ಲ.

ಅಕ್ಕತಂಗಿಯೂರಿಗೆ ಹೋದರೆ ನನಗೆ ನನ್ನದೇ ವೀಸಾ ಬೇಕು, ಇವಳ ಹೆಸರಿನ ಕೆಳಗೆ ನನ್ನ ಹೆಸರು ಬರುವುದಿಲ್ಲ. ಇಷ್ಟು ತಿಳಿದುಕೊಂಡೇ ಹೋದೆವು.

ಮನೆ

ಬಾವುಟದೂರಿನ ಬಾಡಿಗೆ ಫಾರಂ ನೋಡಿ ಇವಳು ಫೋಟೋ ತೆಗೆದಿಟ್ಟುಕೊಂಡಳು. "ಗಂಡ" ಇಲ್ಲ, "ಹೆಂಡತಿ" ಇಲ್ಲ. "ಸಂಗಾತಿಯ ಹೆಸರು" ಅಂತ ಒಂದೇ ಸಾಲು. ತುಂಬಿದೆವು, ಹೇಳಿದ್ದು ಕಾಲಂನಲ್ಲಿ ಗೀಟು ಬಿತ್ತು. ಆಮೇಲೆ ಏನಾಯಿತು ಅಂದರೆ, ಏನೂ ಆಗಲಿಲ್ಲ. ನೋಡಿದ ಐದು ಮನೆಗಳಲ್ಲಿ ಮೂವರು ಉತ್ತರವನ್ನೇ ಕೊಡಲಿಲ್ಲ. ಫೋನಿನಲ್ಲಿ ನಗುನಗುತ್ತಾ ಮಾತಾಡಿದ್ದವರು ಫಾರಂ ಕೈಗೆ ಬಂದ ಮೇಲೆ ಮಾಯ. ಕಾರಣ ನಾವು ಹೆಂಗಸರ ಜೋಡಿ ಎಂಬುದಾ, ಹೊರಗಿನವರು ಎಂಬುದಾ, ಇನ್ನೂ ಚೆನ್ನಾಗಿ ಸಂಬಳ ಬರುವವರು ಸಿಕ್ಕರಾ? ತಿಳಿಯುವ ದಾರಿಯೇ ಇಲ್ಲ. ಭೇದ ಮಾಡಬಾರದು ಎಂಬ ಕಾನೂನು ಇರುವ ಕಡೆ ಭೇದ ಮಾಡುವವರು ಬಾಯಿ ಬಿಡುವುದಿಲ್ಲ. ನಾಲ್ಕನೆಯವರು ಮನೆ ಕೊಟ್ಟರು. ಕೀ ಕೊಡುವಾಗ "ನೀವಿಬ್ಬರೂ ಇಲ್ಲಿ ಸಂತೋಷವಾಗಿರಿ" ಎಂದರು. ಅಷ್ಟೇ. ಮತ್ತೆ ಅವರನ್ನು ನಾವು ನೋಡಲಿಲ್ಲ.

ಅಕ್ಕತಂಗಿಯೂರಲ್ಲಿ ಮನೆ ಅರ್ಧ ದಿನದಲ್ಲಿ ಸಿಕ್ಕಿತು. ಮಾಲೀಕರು ವಯಸ್ಸಾದ ಹೆಂಗಸು, ಒಬ್ಬರೇ ಕೆಳಗಿನ ಮನೆಯಲ್ಲಿ ಇರುವವರು. ನಮ್ಮನ್ನು ನೋಡಿದವರೇ "ಅಕ್ಕ ತಂಗಿಯರಾ?" ಎಂದರು. ನಮ್ಮ ಮುಖಕ್ಕೂ ಮುಖಕ್ಕೂ ಸಂಬಂಧವೇ ಇಲ್ಲ. ಇವಳು ನನಗಿಂತ ಒಂದು ಅಡಿ ಎತ್ತರ. ನಾನು ಬಾಯಿ ತೆರೆಯುವ ಮುಂಚೆ ಇವಳು "ಹೂಂ" ಎಂದುಬಿಟ್ಟಳು. ರೂಮಿನಲ್ಲಿ ಎರಡು ಒಂಟಿ ಮಂಚ, ಆ ಗೋಡೆಗೊಂದು ಈ ಗೋಡೆಗೊಂದು. ರಾತ್ರಿ ಎರಡನ್ನೂ ಎಳೆದು ಜೋಡಿಸುತ್ತಿದ್ದೆವು. ಬೆಳಗ್ಗೆ ಕಸ ಗುಡಿಸುವವರು ಬರುವ ಮುಂಚೆ ಮತ್ತೆ ಬೇರೆ ಮಾಡುತ್ತಿದ್ದೆವು. ಇಬ್ಬರು ನಡುವಯಸ್ಸಿನ ಹೆಂಗಸರು ಬೆಳಗಿನ ಆರು ಗಂಟೆಗೆ ಕಳ್ಳರ ಹಾಗೆ ಮಂಚ ಎಳೆಯುವುದನ್ನು ನೆನೆಸಿಕೊಂಡರೆ ಈಗ ನಗು ಬರುತ್ತದೆ. ಆಗ ಬರುತ್ತಿರಲಿಲ್ಲ.

ಬೇಕಾದ ವಸ್ತು ಇದೆಯಾ, ನಲ್ಲಿ ಸರಿಯಾಯಿತಾ ಅಂತ ಆಕೆ ಮೂರು ದಿನಕ್ಕೊಮ್ಮೆ ಮೆಟ್ಟಿಲು ಹತ್ತಿ ಬಂದು ಕೇಳುತ್ತಿದ್ದರು. ಬಾವುಟದೂರಲ್ಲಿ ನಮ್ಮ ನಲ್ಲಿಯ ಚಿಂತೆ ಯಾರಿಗೂ ಇರಲಿಲ್ಲ.

ಬೀದಿ

ಕೈ ಹಿಡಿದು ನಡೆಯುವುದು ಹೇಳಿಕೊಳ್ಳುವಂಥ ದೊಡ್ಡ ವಿಷಯ ಅಲ್ಲ, ಅಲ್ವಾ? ಆದರೆ ಯುರೋಪಿಯನ್ ಯೂನಿಯನ್ನಿನ ಮೂಲಭೂತ ಹಕ್ಕುಗಳ ಸಂಸ್ಥೆ 2019ರಲ್ಲಿ ಸುಮಾರು 1,40,000 ಜನರನ್ನು ಕೇಳಿದಾಗ, 10ರಲ್ಲಿ 6 ಜನ ಬೀದಿಯಲ್ಲಿ ತಮ್ಮ ಸಂಗಾತಿಯ ಕೈ ಹಿಡಿಯಲು ಹಿಂಜರಿಯುತ್ತೇವೆ ಎಂದಿದ್ದರು. ಮದುವೆಯ ಕಾನೂನು ಇರುವ ದೇಶಗಳೂ ಅದರಲ್ಲಿದ್ದವು. ಓದಿದಾಗ ನಂಬಲಾಗಲಿಲ್ಲ. ಬಾವುಟದೂರಲ್ಲಿ ನಂಬಿಕೆ ಬಂತು.

ಅಲ್ಲಿ ನಗರದ ನಡುವೆ ಹಗಲಲ್ಲಿ ನಮ್ಮ ಕಡೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಎರಡನೇ ವಾರ, ರಾತ್ರಿ ಹತ್ತರ ಹೊತ್ತಿಗೆ ನಮ್ಮ ಬೀದಿಯಲ್ಲೇ ಒಂದು ಕಾರು ನಿಧಾನವಾಯಿತು. ಕಿಟಕಿಯಿಂದ ಒಂದು ಬೈಗುಳ. ಕಾರು ಹೋಯಿತು. ಕೈ ತಾನಾಗಿಯೇ ಬಿಟ್ಟುಹೋಗಿತ್ತು, ಯಾರು ಮೊದಲು ಬಿಟ್ಟರು ಅಂತ ಇವತ್ತಿಗೂ ಗೊತ್ತಿಲ್ಲ. ಆ ಬೀದಿಯ ಮೂಲೆಯಲ್ಲೇ ಕಾಮನಬಿಲ್ಲಿನ ಬಣ್ಣ ಬಳಿದ ಝೀಬ್ರಾ ಕ್ರಾಸಿಂಗ್ ಇದೆ.

ಅಕ್ಕತಂಗಿಯೂರಲ್ಲಿ ಇಬ್ಬರು ಹೆಂಗಸರು ಕೈ ಹಿಡಿದು ನಡೆದರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ. ಗೆಳತಿಯರೆಲ್ಲ ಹಾಗೇ ನಡೆಯುತ್ತಾರೆ. ಹೆದರಿಕೆ ಇಲ್ಲ, ಬೈಗುಳ ಇಲ್ಲ. ಮೊದಲ ವಾರ ಎಷ್ಟು ಹಾಯೆನಿಸಿತು ಅಂದರೆ ಇಲ್ಲೇ ಇದ್ದುಬಿಡೋಣ ಅಂದೆ. ಇವಳು ಕೇಳಿದಳು, "ಇವರು ನಮ್ಮನ್ನು ಒಪ್ಪಿಕೊಂಡಿದ್ದಾರಾ, ಇಲ್ಲ ನೋಡೇ ಇಲ್ವಾ?" ಆ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಗಂಡಸರ ಜೋಡಿಯೊಂದು ಪರಿಚಯವಾದಾಗ. ಅದೇ ಊರಲ್ಲಿ ಅವರು ಮನೆಗೆ ನಾಲ್ಕು ತಿಂಗಳು ಅಲೆದಿದ್ದರು. "ಇಬ್ಬರು ಗಂಡಸರಿಗೆ ಒಂದೇ ಬೆಡ್‌ರೂಮಿನ ಮನೆ ಯಾಕೆ?" ಅಂತ ಹೋದಲ್ಲೆಲ್ಲ ಕೇಳಿದ್ದರಂತೆ. ಹಾಗಾಗಿ ನನ್ನ ಈ ಹೋಲಿಕೆ ಓದಿ ಗಂಡಸರು ತೀರ್ಮಾನ ಮಾಡಿಕೊಳ್ಳಬೇಡಿ. ನಮ್ಮನ್ನು ಕಾಪಾಡಿದ್ದು ಊರಿನ ಒಳ್ಳೆಯತನವಲ್ಲ, ಊರಿನ ಕಣ್ಣಿಗಿದ್ದ ಪೊರೆ.

ಆಸ್ಪತ್ರೆ

ಇದನ್ನು ಪ್ರಯೋಗ ಅಂತ ಮಾಡಿದ್ದಲ್ಲ. ಬಾವುಟದೂರಲ್ಲಿ ನನಗೆ ಹೊಟ್ಟೆನೋವು, ಅಕ್ಕತಂಗಿಯೂರಲ್ಲಿ ಇವಳು ಬಿದ್ದು ಕಾಲು ಉಳುಕಿಸಿಕೊಂಡಳು. ಹೀಗೆ ತಾನಾಗಿಯೇ ಸರಿಸಮ ಆಯಿತು.

ಬಾವುಟದೂರಲ್ಲಿ ನೋಂದಣಿ ಕೌಂಟರಿನವರು ತಲೆ ಎತ್ತದೆ "ತುರ್ತಿಗೆ ಯಾರ ಹೆಸರು?" ಎಂದರು. ಹೇಳಿದೆ. "ಸಂಬಂಧ?" ಹೇಳಿದೆ. ಟೈಪ್ ಮಾಡಿದರು, ಮುಂದಿನ ಪ್ರಶ್ನೆಗೆ ಹೋದರು. ಆ ಬೇಸರದ ಮುಖ ನೋಡಿ ನನಗೆ ಅಳು ಬರುವುದೊಂದು ಬಾಕಿ. ಹನ್ನೊಂದು ವರ್ಷದಲ್ಲಿ ಆ ಪ್ರಶ್ನೆಗೆ ನಿಜ ಹೇಳಿದರೂ ಎದುರಿನವರಿಗೆ ಏನೂ ಅನ್ನಿಸದೇ ಇದ್ದದ್ದು ಅದೇ ಮೊದಲು.

ಅಕ್ಕತಂಗಿಯೂರಿನ ಫಾರಂನಲ್ಲಿ ಇದ್ದದ್ದು ಎರಡೇ: ತಂದೆ, ಗಂಡ. ನಾನು ಪೆನ್ನು ಹಿಡಿದು ನಿಂತೆ. ನರ್ಸು ಒಮ್ಮೆ ನನ್ನ ಮುಖ ನೋಡಿದರು, ಒಮ್ಮೆ ಇವಳ ಮುಖ. ಫಾರಂ ತೆಗೆದುಕೊಂಡು ಎರಡಕ್ಕೂ ಅಡ್ಡಗೆರೆ ಎಳೆದು ನನ್ನ ಹೆಸರು ಬರೆದರು. ಇಡೀ ತಿಂಗಳಲ್ಲಿ ಯಾರೂ ನನಗೆ ಅಷ್ಟು ದೊಡ್ಡ ಉಪಕಾರ ಮಾಡಲಿಲ್ಲ. ಆಮೇಲೆ ದನಿ ತಗ್ಗಿಸಿ ಒಂದು ಮಾತು ಹೇಳಿದರು: "ಇವತ್ತು ಬರೀ ಕಾಲು, ನಡೆಯುತ್ತೆ. ಆಪರೇಷನ್ ಅಂತ ಬಂದರೆ ರಕ್ತಸಂಬಂಧಿಕರ ಸಹಿ ಕೇಳ್ತಾರೆ. ಯಾರನ್ನಾದರೂ ಕರೆಸಿಕೊಳ್ಳೋಕೆ ಆಗುತ್ತಾ?" ಇವಳ ಮನೆಯವರು ಇವಳ ಜೊತೆ ಮಾತಾಡಿ ಎಂಟು ವರ್ಷವಾಯಿತು.

ಆ ನರ್ಸು ಒಳ್ಳೆಯವರು. ಆದರೆ ಅವರ ಡ್ಯೂಟಿ ರಾತ್ರಿ ಎಂಟಕ್ಕೆ ಮುಗಿಯುತ್ತಿತ್ತು. ಅಮೆರಿಕದಲ್ಲಿ 2010ರಲ್ಲಿ ಅಧ್ಯಕ್ಷ ಒಬಾಮಾ ಇಂಥದ್ದನ್ನು ಯಾರದೋ ಒಳ್ಳೆಯತನಕ್ಕೆ ಬಿಡದೆ ನಿಯಮ ಮಾಡಿಸಿದರು. ಸರಕಾರದ ಮೆಡಿಕೇರ್, ಮೆಡಿಕೇಡ್ ಹಣ ಪಡೆಯುವ ಆಸ್ಪತ್ರೆಗಳು ರೋಗಿ ಬಯಸಿದವರನ್ನು ಒಳಗೆ ಬಿಡಲೇಬೇಕು, ಸಲಿಂಗ ಸಂಗಾತಿಯಾದರೂ ಸರಿ. ದೇಶಕ್ಕೆಲ್ಲ ಮದುವೆಯ ಹಕ್ಕು ಸಿಕ್ಕಿದ್ದು ಅದಾಗಿ ಐದು ವರ್ಷದ ಮೇಲೆ, 2015ರಲ್ಲಿ. ಅಂದರೆ ಮದುವೆಯ ತನಕ ಕಾಯಬೇಕಿಲ್ಲ. ಮದುವೆಯ ಹಕ್ಕಿಲ್ಲದ ಊರಿಗೆ ಹೋಗುವವರು ಮೊದಲ ವಾರವೇ ಒಬ್ಬ ವಕೀಲರನ್ನು ಕಂಡು, ಚಿಕಿತ್ಸೆಯ ತೀರ್ಮಾನಕ್ಕೆ ಸಂಗಾತಿಯ ಹೆಸರು ಬರೆದ ಅಧಿಕಾರಪತ್ರ, ಒಂದು ವಿಲ್ ಇವೆರಡೂ ಅಲ್ಲಿ ನಡೆಯುತ್ತವಾ ಕೇಳಿ. ನಾವು ಕೇಳಿದ್ದು ಮೂರನೇ ವಾರ, ಕಾಲು ಉಳುಕಿದ ಮೇಲೆ.

ಉಳಿದದ್ದು, ಬೇಗ ಬೇಗ

ಬ್ಯಾಂಕು: ಬಾವುಟದೂರಲ್ಲಿ ಜಂಟಿ ಖಾತೆ ಬಗ್ಗೆ ವಿಚಾರಿಸಿದ್ದು ಹತ್ತು ನಿಮಿಷದ ಕೆಲಸ. ಅಕ್ಕತಂಗಿಯೂರಲ್ಲಿ ಕೌಂಟರಿನವರು ಮ್ಯಾನೇಜರನ್ನು ಕೇಳಿದರು, ಮ್ಯಾನೇಜರು ಇನ್ಯಾರನ್ನೋ ಕೇಳಿದರು. ಕೊನೆಗೆ "ಆಗುತ್ತೆ" ಎಂದರು. ಇಂಥ ಕಡೆ ಮೇಲಿನಿಂದ ಒಂದು ಕಾಗದ ಬಂದರೆ ಸಾಕು. ಭಾರತದಲ್ಲಿ 2023ರಲ್ಲಿ ಸುಪ್ರೀಂ ಕೋರ್ಟು ಮದುವೆಯ ಹಕ್ಕು ಕೊಡಲಿಲ್ಲ. ಆದರೆ ಕ್ವಿಯರ್ (ಸಲಿಂಗಿಗಳು, ಲಿಂಗತ್ವ ಅಲ್ಪಸಂಖ್ಯಾತರು ಎಲ್ಲ ಸೇರಿದ) ಸಮುದಾಯದವರು ಜಂಟಿ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ಯಾವ ಅಡ್ಡಿಯೂ ಇಲ್ಲ ಎಂದು 2024ರ ಆಗಸ್ಟ್‌ನಲ್ಲಿ ಹಣಕಾಸು ಸಚಿವಾಲಯ ಸ್ಪಷ್ಟಪಡಿಸಿತು.

ಸ್ನೇಹ: ಬಾವುಟದೂರಲ್ಲಿ ಕ್ವಿಯರ್ ಗುಂಪುಗಳು ಬೇಕಾದಷ್ಟು. ಓಡುವವರದು, ಓದುವವರದು, ಹಾಡುವವರದು. ತಿಂಗಳಲ್ಲಿ ನಲವತ್ತು ಜನರ ಹೆಸರು ಗೊತ್ತಾಯಿತು, ಒಬ್ಬರ ಮನೆಯೂ ಗೊತ್ತಾಗಲಿಲ್ಲ. ಅಕ್ಕತಂಗಿಯೂರಲ್ಲಿ ಇದ್ದದ್ದು ಒಂದೇ ಗುಂಪು, ಒಂಬತ್ತು ಜನ. ಎರಡನೇ ಭೇಟಿಗೇ ಮನೆಗೆ ಕರೆದರು. ಕಾಲು ಉಳುಕಿದಾಗ ಅವರಲ್ಲಿ ನಾಲ್ವರು ಆಸ್ಪತ್ರೆಗೆ ಬಂದರು.

ಪ್ರೈಡ್, ಅಂದರೆ ನಮ್ಮಂಥವರ ವರ್ಷಕ್ಕೊಮ್ಮೆಯ ಮೆರವಣಿಗೆ: ದಯವಿಟ್ಟು ಪ್ರೈಡ್ ವಾರದಲ್ಲಿ ಹೋಗಿ ಊರನ್ನು ಅಳೆಯಬೇಡಿ. ನ್ಯೂಯಾರ್ಕಿನ ಸ್ಟೋನ್‌ವಾಲ್ ಬಾರಿನ ಮೇಲಿನ ಪೊಲೀಸ್ ದಾಳಿಗೆ ನಮ್ಮಂಥವರು ತಿರುಗಿಬಿದ್ದ ಗಲಾಟೆ 1969ರಲ್ಲಿ, ಅದರ ನೆನಪಿಗೆ ಮೊದಲ ಮೆರವಣಿಗೆ 1970ರಲ್ಲಿ. ಆಗ ಅದು ಜಗಳ. ಈಗ ಹಲವು ಕಡೆ ಜಾತ್ರೆ. ಜಾತ್ರೆಯ ದಿನ ಯಾವ ಊರೂ ಚೆಂದವೇ. ನಾವು ಬಾವುಟದೂರನ್ನು ಮೊದಲ ಸಲ ನೋಡಿದ್ದು ಹೀಗೆಯೇ, ಎರಡು ವರ್ಷದ ಹಿಂದೆ. ಅದಕ್ಕೇ ಆ ಕಾರಿನ ಬೈಗುಳ ಅಷ್ಟು ಜೋರಾಗಿ ಕೇಳಿಸಿತು. ಮಳೆ ಸುರಿಯುವ ಮಂಗಳವಾರ ಹೋಗಿ, ಪೋಸ್ಟಾಫೀಸಿನ ಸಾಲಿನಲ್ಲಿ ನಿಂತು ನೋಡಿ.

ಲೆಕ್ಕ

ಬಾವುಟದೂರಲ್ಲಿ ನುಂಗಿದ್ದು 9. ಅಕ್ಕತಂಗಿಯೂರಲ್ಲಿ 58. ಇಷ್ಟೇ ನೋಡಿದರೆ ತೀರ್ಮಾನ ಸುಲಭ. ಆದರೆ ಆ 9ರಲ್ಲಿ 7 ಆ ಕಾರಿನ ರಾತ್ರಿಯ ನಂತರದವು, ಎಲ್ಲವೂ ಕತ್ತಲಾದ ಮೇಲಿನವು. 58ರಲ್ಲಿ ಮುಕ್ಕಾಲು ಪಾಲು ಮೊದಲ ಹತ್ತು ದಿನದವು, ಹೆದರಿಕೆಗಿಂತ ಸೋಮಾರಿತನದಿಂದ ಬಂದವು. ಯಾರು ವಿವರಿಸುತ್ತಾ ಕೂರುತ್ತಾರೆ ಅಂತ. "ಅಕ್ಕತಂಗಿಯೂರಲ್ಲಿ ನುಂಗಿದ್ದು ಮಾತ್ರೆ, ಬಾವುಟದೂರಲ್ಲಿ ನುಂಗಿದ್ದು ಕಲ್ಲು" ಎಂದಳು ಇವಳು. ಇವಳಿಗೆ ಅಕ್ಕತಂಗಿಯೂರು ಬೇಕಿತ್ತು. ನನಗೆ ಆ ಅಡ್ಡಗೆರೆ ಎಳೆದ ಫಾರಂ ಕಣ್ಣ ಮುಂದೆ ಬರುತ್ತಿತ್ತು. ಎರಡು ಸಂಜೆ ಜಗಳವಾಡಿದೆವು.

ಕೊನೆಗೆ ಬಾವುಟದೂರಿಗೇ ಬಂದೆವು. ಬೈಗುಳಕ್ಕೆ ಪೊಲೀಸರ ಹತ್ತಿರ ಹೋಗಬಹುದು, ಬೀದಿ ಬದಲಿಸಬಹುದು. ಸಹಿ ಹಾಕುವ ಹಕ್ಕಿಲ್ಲದಿದ್ದರೆ ಎಲ್ಲಿಗೆ ಹೋಗುವುದು? ಈ ಸಲ ಮನೆ ಹಿಡಿಯುವ ಮುಂಚೆ ಆ ಬೀದಿಯಲ್ಲಿ ಮೂರು ರಾತ್ರಿ, ಹತ್ತು ಗಂಟೆಗೆ, ಕೈ ಹಿಡಿದು ನಡೆದು ನೋಡಿದೆವು.

ಅಕ್ಕತಂಗಿಯೂರಿನ ಮನೆ ಬಿಟ್ಟ ದಿನದ ಮಾತು ಒಂದು ಬಾಕಿ ಇದೆ. ಕೀ ಕೊಡಲು ಕೆಳಗೆ ಹೋದೆವು. ಮಾಲೀಕರು ಎಣಿಸಿ ಇಟ್ಟುಕೊಂಡರು. "ಮತ್ತೆ ಬರೋದಾದರೆ ಮೊದಲೇ ತಿಳಿಸಿ" ಎಂದರು. "ಆ ಎರಡು ಮಂಚ ತೆಗೆಸಿ ಒಂದು ದೊಡ್ಡದು ಹಾಕಿಸ್ತೀನಿ. ದಿನಾ ಬೆಳಗ್ಗೆ ಎಳೆಯೋ ಸದ್ದಿಗೆ ನನಗೆ ನಿದ್ದೆ ಹಾಳು."