ಶುಗರ್ ನೋಡಲು ತೋಳಿನ ಬಿಲ್ಲೆಯೋ, ಚರ್ಮದಡಿಯ ಸೆನ್ಸರೋ?

ನನ್ನ ಮತ ತೋಳಿಗೆ ಅಂಟಿಸುವ ಬಿಲ್ಲೆಗೇ. ಹೋಲಿಕೆ ಹಗಲು-ರಾತ್ರಿ ಶುಗರ್ ಅಳೆಯುತ್ತಲೇ ಇರುವ ಎರಡು ಸಾಧನಗಳ ನಡುವೆ: ಬಿಲ್ಲೆಯಾದ ಫ್ರೀಸ್ಟೈಲ್ ಲಿಬ್ರೆ 2 ಮತ್ತು ಚರ್ಮದಡಿಯ ಎವರ್‌ಸೆನ್ಸ್ 365. ಮೊದಲನೆಯದು 14 ದಿನ ಬಾಳುತ್ತದೆ, ಮನೆಯಲ್ಲೇ ಹಾಕಿಕೊಳ್ಳಬಹುದು. ಎರಡನೆಯದನ್ನು ವೈದ್ಯರು ಮೇಲ್ತೋಳಿನಲ್ಲಿ ಸಣ್ಣದಾಗಿ ಕೊಯ್ದು ಒಳಗೆ ಕೂರಿಸಬೇಕು, ವರ್ಷದ ನಂತರ ಅವರೇ ತೆಗೆಯಬೇಕು.

ಬಿಲ್ಲೆಯ ದೊಡ್ಡ ಕಾಟ ರಾತ್ರಿಯದು. ಆ ತೋಳಿನ ಮೇಲೆಯೇ ಮಗ್ಗುಲಾದರೆ ಶುಗರ್ 70ಕ್ಕಿಂತ ಕೆಳಗಿಳಿದಂತೆ ತೋರಿಸಿ ಅಲಾರಂ ಹೊಡೆಯುತ್ತದೆ. ನಿಜಕ್ಕೂ ರಕ್ತದಲ್ಲಿ ಇಳಿದಿರುವುದಿಲ್ಲ. ಬಿಲ್ಲೆ ಅಳೆಯುವುದು ಜೀವಕೋಶಗಳ ನಡುವಿನ ದ್ರವದ ಗ್ಲೂಕೋಸನ್ನು. ಭಾರ ಬಿದ್ದಾಗ ಅಲ್ಲಿನ ಸಣ್ಣ ರಕ್ತನಾಳಗಳು ಅದುಮಿಕೊಳ್ಳುತ್ತವೆ, ಹೊಸ ಗ್ಲೂಕೋಸ್ ಬರುವುದು ಕಡಿಮೆಯಾಗುತ್ತದೆ, ಇದ್ದದ್ದು ಕರಗುತ್ತ ಹೋಗುತ್ತದೆ. ಮಗ್ಗುಲು ಬದಲಿಸಿದರೆ ಸ್ವಲ್ಪ ಹೊತ್ತಿನಲ್ಲಿ ಅಂಕಿ ತಾನೇ ಮೇಲೇರುತ್ತದೆ.

ಹಾಗೆಂದು ಅಲಾರಂ ಕಡೆಗಣಿಸುವಂತಿಲ್ಲ. ಬೆವರು, ನಡುಕ ಇದ್ದರೆ ತಕ್ಷಣ ಸಕ್ಕರೆ ತಿನ್ನಿ. ಇಲ್ಲದಿದ್ದರೆ ಬೆರಳು ಚುಚ್ಚಿ ಗ್ಲೂಕೋಮೀಟರಿನಲ್ಲಿ ನೋಡಿ. ಗ್ರಾಫಿನಲ್ಲಿ ಗೆರೆ ಕಡಿದಾಗಿ ಬಿದ್ದು ಅಷ್ಟೇ ಕಡಿದಾಗಿ ಎದ್ದಿದ್ದರೆ ಅನುಮಾನ ಮಗ್ಗುಲಿನ ಮೇಲೆಯೇ. ಸಾಮಾನ್ಯವಾಗಿ ಯಾವ ಬದಿಗೆ ಮಲಗುತ್ತೀರೋ ಅದರ ಎದುರು ತೋಳಿಗೆ ಹಾಕಿ. ತೋಳಿನ ಹೊರಬದಿ ಬೇಡ, ಹಿಂಬದಿಯೇ ಸರಿ.

ಅಂಟು ಬಿಡುವುದಕ್ಕೆ ಮದ್ದು ಸುಲಭ: ಎಣ್ಣೆ, ಲೋಷನ್ ಬೇಡ, ಸ್ಪಿರಿಟ್ ಒರೆಸಿದ ಮೇಲೆ ಚರ್ಮ ಪೂರ್ತಿ ಒಣಗಲಿ. ವಿಟಮಿನ್ ಸಿ ದಿನಕ್ಕೆ 500 ಮಿ.ಗ್ರಾಂ. ಮೀರಿದರೆ ಲಿಬ್ರೆ 2 ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಇದು ಅಪಾಯ.

ಚರ್ಮದಡಿಯ ಸೆನ್ಸರ್ ಬೆಳಕಿನಿಂದ ಅಳೆಯುತ್ತದೆ. ಅದರ ಮೇಲೆ, ಹೊರಗೆ, ಅಂಕಿಯನ್ನು ಫೋನಿಗೆ ಕಳಿಸುವ ಟ್ರಾನ್ಸ್‌ಮಿಟರ್ ಅಂಟಿಸಿರಬೇಕು. ಅದು ತೋಳಿನ ಮೇಲೇ ಕಂಪಿಸಿ ಎಚ್ಚರಿಸುತ್ತದೆ, ಫೋನ್ ದೂರವಿದ್ದರೂ ಸರಿ. ಈ ಗುಣ ಬಿಲ್ಲೆಗಿಲ್ಲ, ನಿಜಕ್ಕೂ ಒಳ್ಳೆಯದು. ಅಂಟುಪಟ್ಟಿಯನ್ನು ಮಾತ್ರ ದಿನವೂ ಬದಲಿಸಬೇಕು. ಮೊದಲ ಎರಡು ವಾರ ದಾಟಿದ ಮೇಲೂ ವಾರಕ್ಕೊಮ್ಮೆ ಬೆರಳು ಚುಚ್ಚಿ ಕ್ಯಾಲಿಬ್ರೇಟ್ ಮಾಡಬೇಕು, ಅಂದರೆ ಗ್ಲೂಕೋಮೀಟರಿನ ಅಂಕಿಗೆ ಸೆನ್ಸರನ್ನು ಸರಿಹೊಂದಿಸಬೇಕು. ಬಿಲ್ಲೆಗೆ ಆ ಗೊಡವೆಯಿಲ್ಲ.

ಮಾತ್ರೆಯಲ್ಲೇ ಶುಗರ್ ಹತೋಟಿಯಲ್ಲಿರುವವರು ಊಟ ಬದಲಿಸಿದಾಗಲೋ ಮಾತ್ರೆ ಬದಲಿಸಿದಾಗಲೋ ಒಂದು ಬಿಲ್ಲೆ ಹಾಕಿ, ಎರಡು ವಾರ ನೋಡಿ, ಮತ್ತೆ ಬೇಕಾದಾಗ ಕೊಳ್ಳಬಹುದು. ಒಳಗೆ ಕೂರಿಸಿದ್ದಕ್ಕೆ ವರ್ಷದ ಹಣವನ್ನು ಮೊದಲೇ ಕಟ್ಟಿದಂತೆ. ಬಿಲ್ಲೆಯ ಅಂಟಿಗೆ ಚರ್ಮ ಬೊಬ್ಬೆಯೇಳುವವರು, ರಾತ್ರಿ ಅಲಾರಂ ಕೇಳಿಸದೆ ಗಾಢವಾಗಿ ಮಲಗುವ ಇನ್ಸುಲಿನ್ ಬಳಕೆದಾರರು ಚರ್ಮದಡಿಯ ಸೆನ್ಸರನ್ನೇ ನೋಡಲಿ.