ದೋಣಿ ಮೋಟಾರಿಗೆ ಶಾಫ್ಟ್ ಮಾಡಿಸೋರೇ, ‘ಥ್ರೀ ನಾಟ್ ಫೋರ್’ ಅಂದಾಕ್ಷಣ ನಂಬಬೇಡಿ

ಪಂಪ್‌ಸೆಟ್ಟಿನ 6.5 ಎಚ್‌.ಪಿ. ಎಂಜಿನ್‌ಗೆ ಐದಡಿ ಶಾಫ್ಟ್ (ಫ್ಯಾನ್ ತಿರುಗಿಸೋ ರಾಡ್) ಜೋಡಿಸಿ ದೋಣಿ ಓಡಿಸೋ ಯೋಚನೆ ಇರೋರು, ರಾಡ್ ಕೊಳ್ಳೋ ಮುಂಚೆ ಇದನ್ನೊಂದು ಸಲ ಓದಿ. ಗೊರೂರು ಹಿನ್ನೀರಿನ ನಟ್ಟನಡುವೆ ನಮ್ಮ ಶಾಫ್ಟ್ ತುಂಡಾಗಿ, ದೋಣಿ ತಳ್ಳೋ ಫ್ಯಾನು (ಪ್ರೊಪೆಲ್ಲರ್) ಹೇಮಾವತಿ ಪಾಲಾಯಿತು. ಭಾವನೂ ನಾನೂ ಲೈಫ್ ಜಾಕೆಟ್ ಹಾಕಿದ್ದೆವು, ದೋಣಿಯಲ್ಲಿ ಹುಟ್ಟೂ ಇತ್ತು. ಎದುರುಗಾಳಿಯಲ್ಲಿ ರಟ್ಟೆ ಸೋಲುವಷ್ಟು ಹುಟ್ಟು ಹಾಕಿ ಶೆಟ್ಟಿಹಳ್ಳಿ ಕಡೆಯ ದಡ ಸೇರಿದೆವು. (ಜಲಾಶಯದಲ್ಲಿ ಮೋಟಾರ್ ದೋಣಿ ಬಿಡೋಕೆ ಅನುಮತಿ ಬೇಕು. ಅದನ್ನ ಮೊದಲು ಮಾಡಿಸ್ಕೊಳ್ಳಿ, ಶಾಫ್ಟ್ ಆಮೇಲೆ.)

ಹಾಸನದ ಒಂದು ಅಂಗಡಿಯಲ್ಲಿ ರಾಡ್ ತಗೊಂಡು ಅವರ ಲೇತ್‌ನಲ್ಲೇ ಕೆಲಸ ಮಾಡಿಸಿದ್ದು. 20 ಎಂ.ಎಂ. ಸ್ಟೇನ್‌ಲೆಸ್, 304 ಗ್ರೇಡೇ ಬೇಕು ಅಂತ ಬಿಡಿಸಿ ಹೇಳಿದ್ದೆ. “ಥ್ರೀ ನಾಟ್ ಫೋರೇ ಸಾರ್, ನೋಡಿ, ಮ್ಯಾಗ್ನೆಟ್ ಕೂಡ ಹಿಡಿಯಲ್ಲ” ಅಂತ ಆಯಸ್ಕಾಂತ ಇಟ್ಟು ತೋರಿಸಿದರು. ಈ ಆಯಸ್ಕಾಂತದ ಆಟಕ್ಕೆ ಯಾರೂ ಮರುಳಾಗಬೇಡಿ. ಮನೆ ಗ್ರಿಲ್ಲು, ಮೆಟ್ಟಿಲ ಕಂಬಿಗೆ ಹಾಕೋ ಅಗ್ಗದ 202 ಗ್ರೇಡಿಗೂ ಆಯಸ್ಕಾಂತ ಹೆಚ್ಚುಕಮ್ಮಿ ಹಿಡಿಯೋದಿಲ್ಲ. ತೂಕದಲ್ಲೂ ಗೊತ್ತಾಗಲ್ಲ. ವ್ಯಾಸವನ್ನ ವ್ಯಾಸದಿಂದ ಗುಣಿಸಿ 162ರಿಂದ ಭಾಗಿಸಿದರೆ ಮೀಟರಿಗೆ 2.47 ಕೆ.ಜಿ., ಅದೂ ಇದೂ ಎರಡೂ ಅಷ್ಟೇ. 304ರಲ್ಲಿ ನಿಕಲ್ ಸುಮಾರು 8 ಪರ್ಸೆಂಟ್ ಇರುತ್ತೆ. 202ರಲ್ಲಿ ಅದನ್ನ 4ರಿಂದ 6ಕ್ಕೆ ಇಳಿಸಿ ಆ ಜಾಗಕ್ಕೆ ಮ್ಯಾಂಗನೀಸ್ ತುಂಬಿರ್ತಾರೆ. ರೇಟು ಕಮ್ಮಿ ಆಗೋದು ಅಲ್ಲೇ.

ಇದು ಪತ್ತೆಯಾಗಿದ್ದು ಮುರಿದ ಮೇಲೆ, ಅದೂ ಗುಜರಿಯವರಿಂದ. ಸ್ಟೇನ್‌ಲೆಸ್ ಕೊಳ್ಳೋ ಗುಜರಿಯವರ ಹತ್ತಿರ ಒಂದು ಟೆಸ್ಟಿಂಗ್ ದ್ರಾವಣ ಇರುತ್ತೆ. ನಮ್ಮ ರಾಡ್ ಮೇಲೆ ಒಂದು ಹನಿ ಬಿಟ್ಟು ಬ್ಯಾಟರಿ ತಾಗಿಸಿದ ಕೂಡಲೇ ಹನಿ ಕೆಂಪಗಾಯಿತು. ಪಕ್ಕದಲ್ಲಿದ್ದ ಡೈರಿ ಪೈಪಿನ ತುಂಡಿಗೆ ಅದೇ ಹನಿ ಬಿಟ್ಟರೆ ಕೆಂಪಾಗಲೇ ಇಲ್ಲ. “ಇದು ಟೂ ನಾಟ್ ಟೂ ಕಣಣ್ಣ, ಯಾರ್ ಕೊಟ್ರು ನಿಂಗೆ?” ಅಂದ.

ಆದರೂ ನ್ಯಾಯವಾಗಿ ಹೇಳಬೇಕು ಅಂದರೆ, ಶಾಫ್ಟ್ ಮುರಿದದ್ದು 202 ಅನ್ನೋ ಕಾರಣಕ್ಕಲ್ಲ. 304ರ ದುಡ್ಡು ಇಸ್ಕೊಂಡು 202 ಕೊಟ್ಟದ್ದು ಮೋಸ, ಅಷ್ಟೇ. ಜೀವಕ್ಕೆ ಸಂಚಕಾರ ತಂದದ್ದು ಬೇರೆ.

ಮುರಿದ ತುದಿಯನ್ನ ಬಿಸಿಲಿಗೆ ಹಿಡಿದು ನೋಡಿದಾಗ ಎಲ್ಲಾ ಅರ್ಥವಾಯಿತು. ಮುಖದ ಮುಕ್ಕಾಲು ಭಾಗ ಕಂದುಬಣ್ಣ, ನುಣುಪು, ಅಂಚಿನ ಒಂದು ಕಡೆಯಿಂದ ಒಳಕ್ಕೆ ಮರದ ಸುತ್ತುಗಳ ಹಾಗೆ ಸಣ್ಣ ಸಣ್ಣ ಗೆರೆ. ಉಳಿದ ಕಾಲು ಭಾಗ ಮಾತ್ರ ಹೊಸದಾಗಿ ಕಿತ್ತ ಹಾಗೆ ತರಿತರಿಯಾಗಿ ಹೊಳೀತಿತ್ತು. ಅಂದರೆ ಬಿರುಕು ಎಂದೋ ಶುರುವಾಗಿ, ನೀರು ಕುಡಿದು ತುಕ್ಕು ಹಿಡಿದು, ಸುತ್ತು ಸುತ್ತಿಗೂ ಇಷ್ಟಿಷ್ಟೇ ಬೆಳೆದಿದೆ. ಕೊನೆಗೆ ಉಳಿದಿದ್ದ ಚೂರು ಒಂದೇ ಏಟಿಗೆ ಹೋಗಿದೆ. ಬಿರುಕು ಹುಟ್ಟಿದ ಜಾಗದಲ್ಲಿ ರಾಡಿನ ಸುತ್ತ ಉಂಗುರದಂಥ ಕೆಂಪು ತುಕ್ಕಿತ್ತು. ಅದು ವೆಲ್ಡಿಂಗ್! ಫ್ಯಾನ್ ಕೂರೋ ತುದಿಯನ್ನ ಬೇರೆ ತುಂಡಿನಲ್ಲಿ ಮಾಡಿ, ರಾಡಿಗೆ ಬೆಸೆದು, ಗ್ರೈಂಡ್ ಮಾಡಿ, ಬಫ್ ಹೊಡೆದು ಜೋಡಣೆಯೇ ಕಾಣದ ಹಾಗೆ ಮಾಡಿ ಕೊಟ್ಟಿದ್ದರು. ಬೆಸೆದದ್ದು ಯಾವುದರಲ್ಲಿ? ಕಿಟಕಿ ಗ್ರಿಲ್ಲಿಗೆ ಬಳಸೋ ಮಾಮೂಲಿ 6013 ವೆಲ್ಡಿಂಗ್ ರಾಡಿನಲ್ಲಿ. ಸ್ಟೇನ್‌ಲೆಸ್ ಮೇಲೆ ಅದನ್ನ ಹಾಕಿದರೆ ಬೆಸುಗೆ ಗಡುಸಾಗಿ ಸೀಳು ಬಿಡುತ್ತೆ, ತುಕ್ಕೂ ಹಿಡಿಯುತ್ತೆ. 304ಕ್ಕೆ 304 ಬೆಸೆಯೋಕೆ 308ಎಲ್, ಸ್ಟೇನ್‌ಲೆಸ್‌ಗೂ ಎಂ.ಎಸ್.ಗೂ (ಮಾಮೂಲಿ ಮೆದು ಉಕ್ಕು) ಬೆಸೆಯೋಕೆ 309ಎಲ್ ರಾಡ್ ಬೇಕು. ತಿರುಗೋ ಶಾಫ್ಟಿಗಾದರೆ ಅದೂ ಬೇಡ ಅನ್ನೋದು ನನ್ನ ಅಭಿಪ್ರಾಯ.

ಕೇಳೋಕೆ ಹೋದರೆ, “ಲೇತ್ ಬೆಡ್ ಸಾಲಲ್ಲ ಸಾರ್, ಐದಡಿ ರಾಡ್ ಹೆಂಗೆ ಕಟ್ಟೋದು?” ಅಂದರು. ಬೇರೆ ಟರ್ನರ್ ಒಬ್ಬರಿಗೆ ಇದನ್ನ ಹೇಳಿದ್ದಕ್ಕೆ ನಕ್ಕುಬಿಟ್ಟರು. 20 ಎಂ.ಎಂ. ರಾಡು ಲೇತಿನ ಸ್ಪಿಂಡಲ್ ತೂತಿನೊಳಗೇ ತೂರುತ್ತೆ, ಹಿಂದೆ ಒಂದು ಸ್ಟ್ಯಾಂಡ್ ಕೊಟ್ಟು ತುದಿಯನ್ನಷ್ಟೇ ಕಡೆದರೆ ಆಯ್ತು. ಬಿಲ್ಲಿನಲ್ಲಿ ‘ಎಸ್.ಎಸ್. ರಾಡ್’ ಅಂತಷ್ಟೇ ಇತ್ತು, ಗ್ರೇಡ್ ಇಲ್ಲ. ಅಲ್ಲಿಗೆ ಅವರ ಕೆಲಸ ಸಲೀಸಾಯಿತು.

ಗಟ್ಟಿ ಲೋಹ ಹಾಕಿದ್ರೆ ಮುರಿಯಲ್ಲ ಅನ್ನೋರು ಬಹಳ ಜನ. ನನಗೂ ಇಎನ್ 24 (ಗಟ್ಟಿ ಮಿಶ್ರಲೋಹದ ಉಕ್ಕು) ಹಾಕು, ಹಳೇ ಲಾರಿ ಆಕ್ಸಲ್ ಕಡೆಸು ಅಂತ ಸಲಹೆ ಬಂತು. ಲೆಕ್ಕ ಹಾಕಿ ನೋಡಿ. ಈ ಎಂಜಿನ್ ಕೊಡೋ ತಿರುಚು ಬಲ ಹದಿಮೂರು ನ್ಯೂಟನ್ ಮೀಟರ್ ಆಸುಪಾಸು. ಅದರಿಂದ 20 ಎಂ.ಎಂ. ರಾಡಿನ ಮೇಲೆ ಬೀಳೋ ಒತ್ತಡ ಸುಮಾರು 8 ಮೆಗಾಪಾಸ್ಕಲ್. ಮಾಮೂಲಿ ಎಂ.ಎಸ್. ಎಳೆತಕ್ಕೆ 250ರವರೆಗೆ ಜಗ್ಗಲ್ಲ, ತಿರುಚಿಗೆ ಅದರ ಅರ್ಧ ಅಂತ ಹಿಡಿದರೂ ಬೇಕಾದಷ್ಟಾಯಿತು. ಇನ್ನೊಂದು ವಿಷಯ, ಮೆದು ಮಾಡಿದ 304ರ ಲೆಕ್ಕ 205ರ ಹತ್ತಿರ, ಅಂದರೆ ಎಂ.ಎಸ್.ಗಿಂತಲೂ ಕಮ್ಮಿ. ಸ್ಟೇನ್‌ಲೆಸ್ ಅಂದರೆ ತುಕ್ಕಿಗೆ ಗಟ್ಟಿ, ಬಲಕ್ಕಲ್ಲ. ಲಾರಿ ಆಕ್ಸಲ್ ಅಂತೂ ಎಷ್ಟು ವರ್ಷ ಹೊರೆ ಹೊತ್ತು, ಒಳಗೆ ಎಲ್ಲಿ ಬಿರುಕು ಬಿಟ್ಟಿದೆಯೋ ಬಲ್ಲವರಾರು.

ನಮ್ಮ ಶಾಫ್ಟಿನ ಬಿರುಕಿಗೆ ನೀರೆರೆದದ್ದು ನಡುಕ. ಅರ್ಧ ಆಕ್ಸಲರೇಟರ್ ಕೊಡೋ ಮೊದಲೇ ಹಿಡಿಕೆ ಜುಮ್ಮೆನ್ನೋದು. “ಏನೋ ನಡುಗ್ತೈತಲ್ಲೋ” ಅಂತ ಭಾವ ಹೇಳ್ತಾನೇ ಇದ್ದರು, ಅಂಗಡಿಯವರು “ಹೊಸದ್ರಲ್ಲಿ ಹಂಗೇ” ಅಂದಿದ್ದರು. 20 ಎಂ.ಎಂ. ರಾಡನ್ನ ಒಂದೂವರೆ ಮೀಟರ್ ಅಂತರದಲ್ಲಿ ಎರಡೇ ಬೇರಿಂಗ್ ಮೇಲೆ ಕೂರಿಸಿದರೆ ಸುಮಾರು 1,070 ಆರ್‌.ಪಿ.ಎಂ.ಗೇ ಅದು ಬಿಲ್ಲಿನಂತೆ ಬಾಗಿ ಬೀಸೋಕೆ ಶುರು ಮಾಡುತ್ತೆ. ಎಂಜಿನ್ ಓಡೋದು 3,600ರವರೆಗೆ. ನಡುವೆ ಒಂದು ಬೇರಿಂಗ್ ಕೊಟ್ಟರೆ ಆ ಮಿತಿ ನಾಲ್ಕು ಪಟ್ಟು, ಅಂದರೆ 4,270ರ ಹತ್ತಿರ ಹೋಗುತ್ತೆ. ಎರಡು ಕೊಟ್ಟರೆ ಇನ್ನೂ ನಿಶ್ಚಿಂತೆ. ಇಲ್ಲಿ ಗ್ರೇಡ್ ಯಾವ ಕೆಲಸಕ್ಕೂ ಬರಲ್ಲ, ಯಾವ ಉಕ್ಕಾದರೂ ಬಾಗೋ ಬಿಗಿ ಹೆಚ್ಚುಕಮ್ಮಿ ಒಂದೇ. ದಪ್ಪ ಮಾತ್ರ ಕೈ ಹಿಡಿಯುತ್ತೆ: 16ರ ಬದಲು 20 ಹಾಕಿದರೆ ತಿರುಚಿಗೆ ತಡೆಯೋ ಶಕ್ತಿ ಹತ್ತಿರ ಹತ್ತಿರ ಎರಡರಷ್ಟು.

ಈಗ ನಾವು ಹಾಕಿರೋದು ಇಎನ್ 8 (ಮಧ್ಯಮ ಕಾರ್ಬನ್ ಉಕ್ಕು) ಬ್ರೈಟ್ ಬಾರ್, ಜೋಡಣೆ ಇಲ್ಲದ ಒಂದೇ ತುಂಡು, ಹೊರಗಿನ ಪೈಪಿನ ತುಂಬ ಗ್ರೀಸು, ಕೆಳತುದಿಗೆ ಆಯಿಲ್ ಸೀಲ್. ಸಿಹಿನೀರಿಗೆ ಇದು ಸಾಕು. ಇಎನ್ 8ಕ್ಕೂ ವೆಲ್ಡಿಂಗ್ ಬೇಡ, ಕಾರ್ಬನ್ ಜಾಸ್ತಿ ಇರೋದರಿಂದ ಬೆಸುಗೆಯ ಪಕ್ಕ ಪೆಡಸಾಗುತ್ತೆ. ಗ್ರೀಸಿನ ಉಸಾಬರಿ ಬೇಡ ಅನ್ನೋರು ನಿಜವಾದ 304 ತಗೊಳ್ಳಿ, ಬಿಲ್ಲಿನಲ್ಲಿ ಗ್ರೇಡ್ ಬರೆಸಿ, ಮಿಲ್ ಸರ್ಟಿಫಿಕೇಟಿನ ಹೀಟ್ ನಂಬರ್ (ಒಟ್ಟಿಗೆ ಕರಗಿಸಿದ ಉಕ್ಕಿನ ಗುರುತು) ಕೇಳಿ. ಮಲ್ಪೆ, ಮಂಗಳೂರಿನ ಉಪ್ಪುನೀರಿಗಾದರೆ 316. ರಾಡ್ ಕಡೆಸುವಾಗ ದಪ್ಪ ಬದಲಾಗೋ ಮೆಟ್ಟಿಲಿನ ಮೂಲೆ, ಕೀ ವೇ (ಕೀ ಕೂರೋ ಕೊರಕಲು) ಮೂಲೆ ಚೂಪಾಗಿ ಬಿಡದೆ ಗುಂಡಗೆ ಮಾಡಿಸಿ, ಬಿರುಕು ಹುಟ್ಟೋದು ಅಲ್ಲೇ. ಬೇಸಿಗೆಯಲ್ಲಿ ನೀರು ಇಳಿದಾಗ ಮುಳುಗಿದ ಮರದ ಬೊಡ್ಡೆಗಳು ಫ್ಯಾನಿಗೆ ಸಿಗುತ್ತವೆ. ಅದಕ್ಕೆ ಫ್ಯಾನಿಗೆ ಹಿತ್ತಾಳೆ ಪಿನ್ ಹಾಕಿ, ಮುರಿದರೆ ಅದು ಮುರೀಲಿ. ಜೇಬಲ್ಲಿ ಎರಡು ಪಿನ್ ಜಾಸ್ತಿ ಇರಲಿ. ಸ್ಟೇನ್‌ಲೆಸ್ ಶಾಫ್ಟಿಗೆ ಸ್ಟೇನ್‌ಲೆಸ್ ನಟ್ ಹಾಕೋರು ಥ್ರೆಡ್ಡಿಗೆ ಗ್ರೀಸ್ ಸವರದೆ ಬಿಗಿಯಬೇಡಿ, ಒಂದಕ್ಕೊಂದು ಕಚ್ಚಿಕೊಂಡರೆ ಗ್ರೈಂಡರ್ ಹಿಡಿದು ಕತ್ತರಿಸಿಯೇ ತೆಗೀಬೇಕು.