ಹೆವಿ ಲೈಸೆನ್ಸ್ ಮಾಡಿಸಿಕೊಡ್ತೀನಿ ಅನ್ನುವ ಏಜೆಂಟ್‌ಗೆ ದುಡ್ಡು ಕೊಡಬೇಡಿ

ಕಲಬುರಗಿ, ಶಹಾಬಾದ್, ವಾಡಿ ಕಡೆಯವರು ಇದನ್ನು ಓದಲೇಬೇಕು. ಮನೆಯಲ್ಲಿ ಲಾರಿ ಡ್ರೈವರ್ ಆಗಬೇಕು ಅಂತಿರುವ ಹುಡುಗರಿದ್ದರೆ ಅವರಿಗೂ ಓದಿಸಿ. ಕಾರಿನ ಲೈಸೆನ್ಸೇ ಇಲ್ಲದವನಿಗೆ ನೇರವಾಗಿ ಹೆವಿ, ಅಂದರೆ ದೊಡ್ಡ ಲಾರಿ ಓಡಿಸುವ ಲೈಸೆನ್ಸ್, ಮಾಡಿಸಿಕೊಡ್ತೀನಿ ಅಂತ ಯಾರೇ ಹೇಳಿದರೂ ಅದು ಸುಳ್ಳು. ಪೂರ್ತಿ ಸುಳ್ಳು.

ನನ್ನ ತಮ್ಮ ಗಂಜಿನಲ್ಲಿ ತೊಗರಿ ಲಾರಿಗೆ ಕ್ಲೀನರ್ ಆಗಿದ್ದ. ಅವನ ಹತ್ತಿರ ಇದ್ದದ್ದು ಬೈಕ್ ಲೈಸೆನ್ಸ್ ಮಾತ್ರ. ಇದನ್ನು ಏಜೆಂಟ್‌ಗೆ ಮೊದಲೇ ಹೇಳಿದ್ದೆವು, ಕಾರ್ಡ್ ಕೂಡ ತೋರಿಸಿದ್ದೆವು. "ನೀವ್ಯಾಕ ಚಿಂತಿ ಮಾಡ್ತೀರಿ ಅಣ್ಣಾ, ಎಲ್ಲಾ ನಾ ನೋಡ್ಕೋತೀನಿ" ಅಂದ. ಹದಿನೆಂಟು ಸಾವಿರ ತಗೊಂಡ. ಟೆಸ್ಟ್ ಕಾರಿನಲ್ಲಿ ಮಾಡಿಸಿದ, ಹೆವಿ ಆಮೇಲೆ ಆನ್‌ಲೈನ್‌ನಲ್ಲಿ ಸೇರುತ್ತೆ ಅಂದ. ಕಾರ್ಡ್ ಬಂದಾಗ "ಹೆವಿ ಆಗ್ಯಾದ, ಸ್ವೀಟ್ ಕೊಡ್ರಿ" ಅಂತ ಫೋನ್ ಮಾಡಿದ. ಸ್ವೀಟ್ ಕೇಳಿದ, ನೋಡಿ!

ವಾಡಿ ಕಡೆ ಸಿಮೆಂಟ್ ಲೋಡ್ ಹೊಡೆಯುವ ಸಾವ್ಕಾರರೊಬ್ಬರ ಹತ್ತಿರ ತಮ್ಮನನ್ನು ಕರೆದುಕೊಂಡು ಹೋದೆ. ಅವರು ಕಾರ್ಡ್ ಹಿಂದೆ ಮುಂದೆ ತಿರುಗಿಸಿದರು. ಮೊಬೈಲ್‌ನಲ್ಲಿ ಸಾರಥಿ ಅನ್ನುವ ಸರ್ಕಾರದ ಲೈಸೆನ್ಸ್ ವೆಬ್‌ಸೈಟ್ ತೆಗೆದು ಲೈಸೆನ್ಸ್ ನಂಬರ್, ಹುಟ್ಟಿದ ತಾರೀಖು ಹಾಕಿದರು. ಟ್ರಾನ್ಸ್‌ಪೋರ್ಟ್ (ಲಾರಿಯಂಥ ಬಾಡಿಗೆ ಗಾಡಿ) ಅನ್ನುವ ಕಡೆ ತಾರೀಖೇ ಇಲ್ಲ. "ತಮ್ಮಾ, ಇದು ಕಾರಿಂದು. ಇದರ ಮ್ಯಾಲ ನನ್ನ ಹತ್ತು ಗಾಲಿ ಗಾಡಿ ಹ್ಯಾಂಗ ಕೊಡ್ಲಿ?" ಅಂದರು. ಅಲ್ಲಿ ನಾಲ್ಕೈದು ಡ್ರೈವರ್‌ಗಳು ನಿಂತಿದ್ದರು. ತಮ್ಮ ತಲೆ ಎತ್ತಲಿಲ್ಲ. ನನಗೆ ಮೈಯೆಲ್ಲ ಉರಿಯಿತು.

ಅಲ್ಲಿಂದಲೇ ಏಜೆಂಟ್‌ಗೆ ಫೋನ್ ಮಾಡಿದೆ. ಅವನ ಉತ್ತರ ಕೇಳಿ: "ಈಗ ಸುಪ್ರೀಂ ಕೋರ್ಟೇ ಹೇಳ್ಯಾದಲ್ರಿ, ಎಲ್‌ಎಂವಿ ಇದ್ರ ಲಾರಿ ಹೊಡಿಬಹುದು." ಎಲ್‌ಎಂವಿ ಅಂದರೆ ಕಾರಿನಂಥ ಹಗುರ ಗಾಡಿಯ ಲೈಸೆನ್ಸ್. ಹೆವಿ ಅಂತ ದುಡ್ಡು ತಗೊಂಡು ಈಗ ಹೆವಿನೇ ಬೇಕಿಲ್ಲ ಅಂತಾನೆ! ಕೋರ್ಟ್ 2024ರ ನವೆಂಬರ್‌ನಲ್ಲಿ ಹೇಳಿದ್ದು ಲೋಡ್ ಸೇರಿ ಒಟ್ಟು ತೂಕ 7,500 ಕೆಜಿ ಒಳಗಿನ ಗಾಡಿಗಳಿಗೆ. ಟಾಟಾ ಏಸ್, ಬೊಲೆರೊ ಪಿಕಪ್‌ನಂಥವು ಅದರಲ್ಲಿ ಬರುತ್ತವೆ. ಹತ್ತು ಗಾಲಿ ಲಾರಿ ಲೋಡ್ ಸೇರಿ 28.5 ಟನ್ ತನಕ ಇರುತ್ತೆ. ಎಲ್ಲಿಂದೆಲ್ಲಿಗೆ ಹೋಲಿಕೆ? ಇದನ್ನು ಕೇಳಿದ್ದಕ್ಕೆ "ಹಂಗಿದ್ರ ಇನ್ನೊಂದು ಐದು ಸಾವಿರ ಹಾಕ್ರಿ, ಮಾಡಿಸ್ತೀನಿ" ಅಂದ. ದುಡ್ಡು ವಾಪಸ್ ಕೇಳಿದರೆ "ಮ್ಯಾಲಿನವರಿಗೆ ಕೊಟ್ಟಾಗ್ಯಾದ." ಆಮೇಲೆ ಫೋನೇ ಎತ್ತಲಿಲ್ಲ.

ಇನ್ನೂ ಐದು ಸಾವಿರ ಕೊಟ್ಟರೂ ಆಗುತ್ತಿರಲಿಲ್ಲ. ಎಲ್‌ಎಂವಿ ಲೈಸೆನ್ಸ್ ಕೈಗೆ ಬಂದು ಒಂದು ವರ್ಷ ಆಗದೆ ಟ್ರಾನ್ಸ್‌ಪೋರ್ಟ್‌ಗೆ ಲರ್ನರ್ ಕೂಡ ಕೊಡುವುದಿಲ್ಲ, ಮೋಟಾರು ವಾಹನ ಕಾಯ್ದೆಯಲ್ಲೇ ಇದೆ. ವಯಸ್ಸು 20 ಆಗಿರಬೇಕು. ಟೆಸ್ಟ್ ಆ ಥರದ ಗಾಡಿಯಲ್ಲೇ ಕೊಡಬೇಕು, ಕಾರಿನಲ್ಲಿ ಅಲ್ಲ. ದಿನಾ ಇದೇ ಕೆಲಸ ಮಾಡುವವನಿಗೆ ಇದು ಗೊತ್ತಿಲ್ವಾ? ಗೊತ್ತಿದ್ದೇ ತಗೊಂಡಿದ್ದಾನೆ. ನಾಳೆ ತಮ್ಮ ಆ ಲಾರಿ ಹತ್ತಿ ಏನಾದರೂ ಆಗಿದ್ದರೆ ಇನ್ಶೂರೆನ್ಸ್‌ನವರು ಸಾವ್ಕಾರರನ್ನು ಹಿಡಿಯುತ್ತಿದ್ದರು, ಕೇಸು ತಮ್ಮನ ಮೇಲೆ. ಏಜೆಂಟ್ ಆರಾಮಾಗಿ ಇರುತ್ತಿದ್ದ.

ಯಾರಾದರೂ ಕಾರ್ಡ್ ಮಾಡಿಸಿಕೊಟ್ಟರೆ ಅವರ ಎದುರಿಗೇ ಸಾರಥಿಯಲ್ಲಿ ನೋಡಿ. ಟ್ರಾನ್ಸ್‌ಪೋರ್ಟ್ ತಾರೀಖು, ಗಾಡಿಯ ಕ್ಲಾಸ್ ಎರಡೂ ಕಾಣಬೇಕು. ಓಡಿಸುವ ಗಾಡಿಯ ಆರ್‌ಸಿಯಲ್ಲಿ ಲೋಡ್ ಸೇರಿದ ತೂಕ ಎಷ್ಟಿದೆ ಅಂತಾನೂ ನೋಡಿ. ಅಲ್ಲಿಯವರೆಗೆ ಒಂದು ರೂಪಾಯಿ ಬಿಚ್ಚಬೇಡಿ.

ನಾವು ಠಾಣೆಗೆ ಹೋಗುತ್ತಿದ್ದೇವೆ. ಫೋನ್‌ಪೇ ಹಿಸ್ಟರಿ, ವಾಟ್ಸಾಪ್‌ನಲ್ಲಿ ಅವನು ಕಳಿಸಿದ ವಾಯ್ಸ್ ಎಲ್ಲಾ ಇಟ್ಟುಕೊಂಡಿದ್ದೇವೆ. ನಿಮಗೂ ಹೀಗೇ ಆಗಿದ್ದರೆ ನಿಮ್ಮ ಹತ್ತಿರ ಇರುವುದನ್ನು ಅಳಿಸಬೇಡಿ, ಜೊತೆಗೆ ಬಂದು ದೂರು ಕೊಡಿ.